ದೇವರ ಮೇಲೆ ಹಾಕಬೇಡ

ದೇವರಿಲ್ಲ ಎಂದು ವಾದಿಸುವವನಿಗೆ ಒಬ್ಬ ಒಳ್ಳೆಯ ಆಸ್ತಿಕ ಸಿಗುವುದು ಎಷ್ಟು ಮುಖ್ಯ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ಮನೆಯಲ್ಲಿ ನನಗೆ ಆ ಭಾಗ್ಯ ಇರಲಿಲ್ಲ. ನನ್ನ ಹೆಂಡತಿ ನನ್ನ ನಾಸ್ತಿಕವಾದವನ್ನೆಲ್ಲ ತಾಳ್ಮೆಯಿಂದ ಕೇಳಿ, ಕೊನೆಗೆ, "ಆಯ್ತು, ದೀಪದ ಎಣ್ಣೆ ಮುಗ್ದಿದೆ, ಬರುವಾಗ ತನ್ನಿ" ಎನ್ನುವವಳು. ನಾನೂ ತರುವವನು. ಇಂಥ ನಾಸ್ತಿಕನ ಮರ್ಯಾದೆ ಉಳಿಸಿದ್ದು ಬಸ್ತ್ಯಾಂವ ಮಾಸ್ತರು.

ಅವರು ಅಂಕೋಲೆಯ ನಮ್ಮ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು, ನಾನು ಕನ್ನಡ. ಇಬ್ಬರ ಮನೆಯೂ ಕಾರವಾರದ ಹಬ್ಬುವಾಡದಲ್ಲಿ. ದಿನಾ ಬೆಳಿಗ್ಗೆ ಒಂದೇ ಬಸ್ಸು ಹತ್ತಿ, ಒಂದೇ ಸೀಟಿನಲ್ಲಿ ಕೂತು, ಬಿಣಗಾ ದಾಟುವುದರೊಳಗೆ ದೇವರ ವಿಷಯಕ್ಕೆ ಬರುತ್ತಿದ್ದೆವು. ಅವರು ಭಾನುವಾರ ತಪ್ಪದೆ ಇಗರ್ಜಿಗೆ ಹೋಗುವ ಕ್ರಿಶ್ಚಿಯನ್ನರು. ಆದರೆ ನನ್ನ ಪ್ರಶ್ನೆಗಳಿಗೆ ಒಮ್ಮೆಯೂ ಕಿವಿ ಮುಚ್ಚಿಕೊಂಡವರಲ್ಲ. ನಮ್ಮ ದನಿ ಏರಿದಾಗ ಕಂಡಕ್ಟರು, "ದೇವರು ಇದ್ದಾನೋ ಇಲ್ವೋ, ಅವರ್ಸಾ ಅಂತೂ ಬಂತು, ಇಳಿಯೋರು ಇಳೀರಿ" ಎಂದು ಕೂಗುತ್ತಿದ್ದ.

ನನಗೆ ಅವರ ಧರ್ಮದ ಮೇಲೆ ಒಂದು ವಿಚಿತ್ರ ಗೌರವವಿತ್ತು. ನಮ್ಮ ಕಡೆ ಪೂರ್ವಜನ್ಮ ಎಂಬ ದೊಡ್ಡ ಉಗ್ರಾಣವಿದೆ. ಮಗು ಕುರುಡಾಗಿ ಹುಟ್ಟಿತೆ, ಒಳ್ಳೆಯವನಿಗೆ ಕೆಟ್ಟ ಕಾಯಿಲೆ ಬಂತೆ, ಅರ್ಥವಾಗದ್ದನ್ನೆಲ್ಲ ಅಲ್ಲಿಗೆ ಸಾಗಿಸಿ ಬಾಗಿಲು ಹಾಕಿಕೊಂಡು ಬರಬಹುದು. ಅವರಿಗೆ ಆ ಅನುಕೂಲವಿಲ್ಲ. ಇರುವುದೊಂದೇ ಜನ್ಮ, ಇರುವವನೊಬ್ಬನೇ ದೇವರು, ಅವನು ಕರುಣಾಮಯಿ ಮತ್ತು ಸರ್ವಶಕ್ತ. ಹಾಗಾದರೆ ಈ ಸಂಕಟ ಎಲ್ಲಿಂದ ಬಂತು? ಇದಕ್ಕಿಂತ ಇಕ್ಕಟ್ಟಾದ ಗಲ್ಲಿ ಇನ್ನೊಂದಿಲ್ಲ. ಬಸ್ತ್ಯಾಂವ ಮಾಸ್ತರು ಆ ಗಲ್ಲಿಯಲ್ಲೇ ಮನೆ ಮಾಡಿಕೊಂಡು ಆರಾಮವಾಗಿದ್ದರು.

"ಪರೀಕ್ಷೆಯಲ್ಲಿ ನಾನು ಹುಡುಗನ ಕೈ ಹಿಡಿದು ಉತ್ತರ ಬರೆಸಬಹುದು. ನೂರಕ್ಕೆ ನೂರು ಬೀಳ್ತದೆ. ಆದ್ರೆ ಅದು ಯಾರ ಉತ್ತರ?" ಎಂದು ಅವರು ಕೇಳುತ್ತಿದ್ದರು. "ದೇವರು ಕೈ ಹಿಡಿಯೂದಿಲ್ಲ. ಆರಿಸುವ ಸ್ವಾತಂತ್ರ್ಯ ಕೊಟ್ಟಿದ್ದಾನೆ. ತಪ್ಪು ಮಾಡುವ ಸ್ವಾತಂತ್ರ್ಯ ಇಲ್ದೇ ಹೋದ್ರೆ ಒಳ್ಳೇದು ಮಾಡಿದ್ದಕ್ಕೆ ಎಂತಾ ಬೆಲೆ?"

"ತಪ್ಪು ಉತ್ತರ ಬರೆದವನು ಒಬ್ಬ, ನಪಾಸಾಗೂದು ಇನ್ನೊಬ್ಬ. ಇದೆಂತಾ ಪರೀಕ್ಷೆ ಮಾರಾಯ್ರೆ?" ಎಂದೆ ನಾನು ಒಂದು ದಿನ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಇದಕ್ಕೆ ಇವತ್ತು ಉತ್ತರ ಇಲ್ಲ, ನೋಡುವಾ" ಎಂದರು. ಗೆದ್ದ ಸಂಭ್ರಮದಲ್ಲಿ ನಾನು ಆ ದಿನ ಎರಡು ತರಗತಿಗಳನ್ನು ಬಹಳ ಚೆನ್ನಾಗಿ ತೆಗೆದುಕೊಂಡೆ.

ಆ ವರ್ಷಗಳಲ್ಲಿ ನಮ್ಮ ರಸ್ತೆಗಳಿಗೆ ಅದಿರು ಲಾರಿಗಳು ಬಂದಿದ್ದು ನಿಮಗೆ ನೆನಪಿರಬಹುದು. ಹೊಸಪೇಟೆ ಕಡೆಯಿಂದ ಹೊರಟು, ಯಲ್ಲಾಪುರ ಘಟ್ಟ ಇಳಿದು, ಸುಂಕಸಾಳದ ಮೇಲಿಂದ ಅಂಕೋಲೆಯಾಚೆಯ ಬಂದರಿಗೆ ಸಾಲುಗಟ್ಟಿ ಬರುತ್ತಿದ್ದವು. ರಸ್ತೆ ಬದಿಯ ಮರಗಳ ಎಲೆಗಳು ಕೆಂಪಾದವು, ಅಂಗಡಿಯ ಬಾಳೆಹಣ್ಣು ಕೆಂಪಾಯಿತು, ಕೆಮ್ಮಿದರೆ ಕರವಸ್ತ್ರವೂ ಕೆಂಪಾಗುತ್ತಿತ್ತು. ನಮ್ಮ ವಾದಕ್ಕೂ ಕೆಲವು ದಿನ ಅದೇ ವಿಷಯವಾಯಿತು.

ಬಸ್ತ್ಯಾಂವ ಮಾಸ್ತರಿಗೆ ಒಬ್ಬಳೇ ಮಗಳು, ಫ್ಲೋರಾ. ಅಂಕೋಲೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿ ಆಗಷ್ಟೇ ಸೇರಿದ್ದಳು. ನಾವು ಎಷ್ಟು ಹೇಳಿದರೂ ಬಸ್ಸು ಹತ್ತುತ್ತಿರಲಿಲ್ಲ. "ನಿಮ್ಮಿಬ್ಬರ ಭಾಷಣ ಕೇಳ್ತಾ ಹೋದ್ರೆ ನಾನೇ ಪೇಶಂಟ್ ಆಗೂದು" ಎಂದು ನಕ್ಕು ಸ್ಕೂಟಿ ಹತ್ತಿ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಪಾಳಿ ಮುಗಿಸಿ ಕಾರವಾರಕ್ಕೆ ವಾಪಸಾಗುವಾಗ ಎದುರಿನಿಂದ ಬಂದ ಅದಿರು ಲಾರಿ ರಸ್ತೆಯ ನಡುಗೆರೆ ದಾಟಿ ಅವಳ ಮೇಲೆ ಹರಿಯಿತು. ಬಂದರಿನ ತಿರುವು ತಪ್ಪಿ ಕಾರವಾರದ ಕಡೆ ಮುಂದೆ ಹೋಗಿದ್ದ ಲಾರಿ ಹಿಂದಕ್ಕೆ ಹೊರಳಿ ಬರುತ್ತಿತ್ತಂತೆ. ಚಾಲಕನಿಗೆ ನಿದ್ದೆ ಹತ್ತಿತ್ತು. ಅವಳನ್ನು ತಂದದ್ದು ಅವಳದೇ ಆಸ್ಪತ್ರೆಗೆ. ನಾವು ಶಾಲೆಯಿಂದ ಓಡಿ ಹೋದಾಗ, ಅವಳ ಜೊತೆಯಲ್ಲಿ ಬೆಳಗಿನ ಚಹಾ ಕುಡಿದಿದ್ದ ಹುಡುಗಿಯರೇ ಅವಳ ಮುಖ ಒರೆಸುತ್ತಿದ್ದರು. ಮಾಸ್ತರು ಬಾಗಿಲಲ್ಲಿ ನಿಂತು, "ದೇವಾ" ಎಂದರು. ಕರೆದದ್ದೋ ಬೈದದ್ದೋ ನನಗೆ ತಿಳಿಯಲಿಲ್ಲ.

ಆಮೇಲೆ ಬಸ್ಸಿನಲ್ಲಿ ಮಾತು ನಿಂತಿತು. ಅವರು ಕಿಟಕಿ ಕಡೆ ಮುಖ ಮಾಡಿ ಕೂರುವುದು, ನಾನು ಎದುರಿನ ಸೀಟಿನ ಬೆನ್ನು ನೋಡುವುದು. ಮಳೆಗಾಲ ಹಾಗೇ ಕಳೆಯಿತು. ಒಂದು ದಿನ ಅವರೇ ಕೇಳಿದರು: "ನಾಯಕ ಮಾಸ್ತರೇ, ವಾದ ಬಿಟ್ಟೇ ಬಿಟ್ರಾ?"

"ನಾನು ಸೋತೆ ಅಂತ ತಿಳ್ಕೊಳ್ಳಿ."

"ನೀವು ಸೋತ್ರೆ ಹೆಂಗೆ? ಇಷ್ಟು ವರ್ಷ ಪ್ರಶ್ನೆ ನಿಮ್ದು, ಉತ್ತರ ನಂದು. ಈಗ ಎರಡೂ ನಾನೇ ಮಾಡ್ಬೇಕಾಗಿದೆ. ಒಬ್ಬನಿಂದ ಆಗೂದಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು: "ಆ ಲಾರಿಯವನು ನಿದ್ದೆಯಲ್ಲಿದ್ದ. ನಿದ್ದೆಯಲ್ಲಿ ಇದ್ದವನಿಗೆ ಆರಿಸುವ ಸ್ವಾತಂತ್ರ್ಯ ಎಲ್ಲಿದೆ? ಅವನು ಆರಿಸ್ಲಿಲ್ಲ. ಫ್ಲೋರಾ ಆರಿಸ್ಲಿಲ್ಲ. ಹಂಗಾದ್ರೆ ಆರಿಸಿದ್ದು ಯಾರು?"

ನನ್ನ ಜೀವಮಾನದ ವಾದವನ್ನು ಅವರೇ ನನ್ನ ಕೈಗೆ ಕೊಟ್ಟಿದ್ದರು. ನಿಮ್ಮ ದೇವರೇ ಎಂದರೆ ಸಾಕು, ನಾನು ಗೆದ್ದಂತೆ. ಆದರೆ ಬಾಯಿಂದ ಬಂದದ್ದೇ ಬೇರೆ. ಲಾರಿ ಮಾಲೀಕ ಇಲ್ಲವೆ ಎಂದೆ. ಅದಿರು ಬೇಕೆಂದವರಿಲ್ಲವೆ, ರಸ್ತೆ ಮಾಡಿದವರಿಲ್ಲವೆ, ಎಲ್ಲ ಬಿಟ್ಟು ದೇವರೊಬ್ಬನನ್ನೇ ಯಾಕೆ ಹಿಡಿಯುತ್ತೀರಿ ಎಂದೆ. ದೇವರ ಪರವಾಗಿ ಆ ದಿನ ಬಸ್ಸಿನಲ್ಲಿ ವಕಾಲತ್ತು ಮಾಡಿದವನು ನಾನು. ತನಗೆ ಇಂಥ ವಕೀಲ ಸಿಕ್ಕಿದ್ದಕ್ಕೆ ದೇವರು, ಇದ್ದರೆ, ಹಣೆ ಚಚ್ಚಿಕೊಂಡಿರಬೇಕು.

ಮುಂದಿನ ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಮಾಸ್ತರು ನೇರ ನಮ್ಮ ಮನೆಗೆ ಬಂದರು. ಲಾರಿ ಚಾಲಕ ಜಾಮೀನಿನ ಮೇಲೆ ಹೊರಗಿದ್ದಾನೆ, ಮಾಲೀಕ ಕೈಬಿಟ್ಟಿದ್ದಾನೆ, ಕೋರ್ಟಿನ ತಾರೀಕಿಗಾಗಿ ಊರಿಗೂ ಹೋಗದೆ ಸುಂಕಸಾಳದ ಒಂದು ಧಾಬಾದಲ್ಲಿ ಪಾತ್ರೆ ತೊಳೆಯುತ್ತಿದ್ದಾನೆ ಎಂದು ಅವರಿಗೆ ಗೊತ್ತಾಗಿತ್ತು. "ಒಬ್ಬನೇ ಹೋದ್ರೆ ಎಂತಾ ಮಾಡ್ತೇನೋ ನನಗೇ ಗೊತ್ತಿಲ್ಲ, ಬನ್ನಿ" ಎಂದರು. ಹೋದೆವು.

ಹೆಸರು ಹುಲುಗಪ್ಪ. ನಾನು ರಾಕ್ಷಸನನ್ನು ಊಹಿಸಿಕೊಂಡಿದ್ದೆ. ಧಾಬಾದ ಹಿಂದೆ ಕುಕ್ಕರಗಾಲಲ್ಲಿ ಕೂತು ಬೂದಿ ಹಚ್ಚಿ ಬಾಣಲೆ ತಿಕ್ಕುತ್ತಿದ್ದವನು ಒಣಕಲು ಮನುಷ್ಯ. ಯಾರೆಂದು ಹೇಳಿದ ಕೂಡಲೇ ಎದ್ದು ನಿಂತು, ಒದ್ದೆ ಕೈಗಳನ್ನೇ ಜೋಡಿಸಿದ.

"ನಾ ಏನ್ ಮಾಡ್ಲಿರೀ ಸರ. ದೇವ್ರು ಹಂಗ ಬರದಿದ್ದ. ಆ ತಂಗೆವ್ವನ ಋಣ ಅಷ್ಟೇ ಇತ್ತು."

ಮಾಸ್ತರ ಮುಖ ಕೆಂಪಾಯಿತು. ಇಪ್ಪತ್ತು ವರ್ಷ ನಾನು ಕೆಣಕಿದರೂ ಬಾರದ ಸಿಟ್ಟು ಅದು. "ದೇವರ ಮೇಲೆ ಹಾಕಬೇಡ!" ಎಂದು ಕೂಗಿದರು. "ದೇವರು ಲಾರಿ ಬಿಡ್ತಿದ್ನಾ? ಹೇಳು, ಎಂತಾ ಆಯ್ತು?"

ಹುಲುಗಪ್ಪ ನೆಲ ನೋಡುತ್ತ ಹೇಳಿದ. ಘಟ್ಟ ಇಳಿಯುವಾಗಲೇ ಕಣ್ಣು ಎಳೆಯುತ್ತಿತ್ತು. ಬಾಳೆಗುಳಿ ಕ್ರಾಸಿನಲ್ಲಿ ಗಾಡಿ ಬದಿಗೆ ಹಾಕಿ ಮಲಗಬೇಕು ಅಂದುಕೊಂಡ. ಅಷ್ಟರಲ್ಲಿ ಮಾಲೀಕನ ಫೋನು, ಮೊದಲು ಖಾಲಿ ಮಾಡು, ಆಮೇಲೆ ಮಲಗು. "ಬಂದರ ಇಲ್ಲೇ ಐತಲ್ಲ ಅಂತ ಹೊಂಟೆ ರೀ. ಕಣ್ಣ ಮಬ್ಬಿನ್ಯಾಗ ತಿರುವು ತಪ್ಪಿ ಮುಂದ ಹೋದೆ, ತಿರುಗಿಸ್ಕೊಂಡ್ ಬರಾಕತ್ತಿದ್ದೆ..."

"ಆ ಕ್ರಾಸಿನಲ್ಲಿ ನಿಲ್ಲಿಸಬಹುದಿತ್ತಾ?"

ಅವನು ಕೈಯ ಬೂದಿಯನ್ನು ಲುಂಗಿಗೆ ಒರೆಸಿಕೊಂಡ. ರಸ್ತೆಯಲ್ಲಿ ಲಾರಿಗಳು ಹೋಗುತ್ತಲೇ ಇದ್ದವು. "ನಿಲ್ಲಿಸಬಹುದಿತ್ತು ರೀ," ಎಂದ. "ಮಾಲಕ ಬೈತಿದ್ದ, ಅಷ್ಟ. ನಿಲ್ಲಿಸಬಹುದಿತ್ತು. ನಂದೇ ತಪ್ಪು ರೀ ಸರ." ಮತ್ತೆ ಕುಕ್ಕರಿಸಿ ಅಳತೊಡಗಿದ.

ಮಾಸ್ತರು ಬಗ್ಗಿ ಅವನ ತಲೆಯ ಮೇಲೆ ಕೈಯಿಟ್ಟರು. "ನಾನು ನಿನ್ನನ್ನು ಕ್ಷಮಿಸಿದ್ದೇನೆ" ಎಂದರು. ದನಿಯಲ್ಲಿ ಪ್ರೀತಿಯೇನೂ ಇರಲಿಲ್ಲ. ಭಾರವಾದದ್ದನ್ನು ಎತ್ತಿ ಇನ್ನೊಂದೆಡೆ ಇಡುವವರ ಏದುಸಿರು ಇತ್ತು. ಹುಲುಗಪ್ಪ ಕಣ್ಣೊರೆಸಿಕೊಂಡು ಆಸೆಯಿಂದ, "ಹಂಗಾದ್ರ ಕೇಸು ವಾಪಸ್ ತಗೋತೀರೇನ್ರೀ?" ಎಂದು ಕೇಳಿದ.

"ಕೇಸು ಸರ್ಕಾರದ್ದು. ಅದು ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿ ಇದ್ದದ್ದು ಇಷ್ಟೇ."

ವಾಪಸು ಬರುವ ಬಸ್ಸಿನಲ್ಲಿ ಅವರು ಹೇಳಿದರು: "ಹಣೆಬರಹವನ್ನು ಕ್ಷಮಿಸ್ಲಿಕ್ಕೆ ಬರೂದಿಲ್ಲ ಮಾಸ್ತರೇ. ಕ್ಷಮಿಸ್ಬೇಕಾದ್ರೆ ಎದುರಿಗೆ ಒಬ್ಬ ಮನುಷ್ಯ ಬೇಕು, ಬೇರೆ ರೀತಿ ಮಾಡಬಹುದಿತ್ತು ಅನ್ನುವ ಮನುಷ್ಯ. ಅವನು ಸಿಗದೇ ಹೋಗಿದ್ರೆ ನಾನು ದೇವರ ಕುತ್ತಿಗೆಗೇ ಕೈ ಹಾಕ್ತಿದ್ದೆ."

"ಈಗ ಸಮಾಧಾನ ಆಯ್ತಾ?"

"ಇಲ್ಲ" ಎಂದರು.

ಇದನ್ನು ಇಲ್ಲಿಗೆ ಮುಗಿಸಿದರೆ ಪಾದ್ರಿಗಳು ಪ್ರವಚನಕ್ಕೆ ಬಳಸಿಕೊಳ್ಳಬಹುದು. ಆದರೆ ಮನೆಯಲ್ಲಿ ಲುವಿಜಾಬಾಯಿ ಇದ್ದರು, ಫ್ಲೋರಾಳ ತಾಯಿ. ಜಗಲಿಯಲ್ಲಿ ಕೂತು ಒಣ ಸಿಗಡಿಯ ತಲೆ ಮುರಿಯುತ್ತಿದ್ದವರು ಗಂಡ ಹೇಳಿದ್ದನ್ನೆಲ್ಲ ತಲೆಯೆತ್ತದೆ ಕೇಳಿದರು. "ನಿಮ್ಮ ಪಾಲಿನ ಕ್ಷಮೆ ನೀವು ಕೊಟ್ಟು ಬಂದ್ರಿ. ನನ್ನ ಪಾಲಿಂದು ನನ್ನ ಹತ್ರನೇ ಇದೆ" ಎಂದು ಕೆಲಸ ಮುಂದುವರಿಸಿದರು. ಮಾಸ್ತರು ಪಕ್ಕದಲ್ಲಿ ಕೂತು ತಾವೂ ಒಂದು ಸಿಗಡಿ ಎತ್ತಿಕೊಂಡರು. ಸ್ವಾತಂತ್ರ್ಯದ ಬಗ್ಗೆ ಅಷ್ಟೆಲ್ಲ ಹೇಳಿದವರು ಹೆಂಡತಿಯ ಕೈ ಹಿಡಿದು ಉತ್ತರ ಬರೆಸುವ ಹಾಗಿರಲಿಲ್ಲ.

ಫ್ಲೋರಾ ತೀರಿಕೊಂಡ ವರ್ಷದ ಪ್ರಾರ್ಥನೆಗೆ ನನ್ನನ್ನೂ ಕರೆದಿದ್ದರು. ಫೋಟೋದ ಮುಂದೆ ಮೇಣದ ಬತ್ತಿ, ಹತ್ತಾರು ನೆಂಟರು. ಕೊಂಕಣಿಯಲ್ಲಿ ಅವರ ಮುಖ್ಯ ಪ್ರಾರ್ಥನೆ ಶುರುವಾಯಿತು. ಅದರಲ್ಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು ಎಂದು ಬೇಡುವ ಒಂದು ಜಾಗವಿದೆ. ಅಲ್ಲಿಗೆ ಬಂದಾಗ ನನ್ನ ಪಕ್ಕದ ದನಿ ನಿಂತಿತು. ಲುವಿಜಾಬಾಯಿ ತುಟಿ ಬಿಗಿಹಿಡಿದು ನಿಂತಿದ್ದರು. ಆ ಮಾತು ದಾಟಿದ ಮೇಲೆ ಮತ್ತೆ ಎಲ್ಲರೊಂದಿಗೆ ಸೇರಿಕೊಂಡರು.

ಆಮೇಲೆ ಅವರೇ ನನಗೆ ಚಹಾ ತಂದು ಕೊಟ್ಟರು. ನಾನು ನೋಡಿದ್ದು ಅವರಿಗೆ ತಿಳಿದಿತ್ತು. "ಒಂದು ವರ್ಷದಿಂದ ಹಂಗೇ ಮಾಡ್ತೇನೆ ಮಾಸ್ತರೇ. ಉಳಿದದ್ದೆಲ್ಲ ಹೇಳ್ತೇನೆ, ಅದೊಂದು ಹೇಳೂದಿಲ್ಲ. ಎಲ್ಲರ ಹತ್ರ ಸುಳ್ಳು ಹೇಳಬಹುದು, ಅವನ ಹತ್ರ ಹೆಂಗೆ ಹೇಳೂದು? ಕೇಳ್ತಾ ಇರ್ತಾನಲ್ಲ."

ದೇವರಿದ್ದಾನೆ ಎಂಬುದಕ್ಕೆ ನಾನು ಬಸ್ಸಿನಲ್ಲಿ ಕೇಳಿದ ವಾದಗಳು ಎಷ್ಟೋ. ಪ್ರತಿಯೊಂದಕ್ಕೂ ನನ್ನಲ್ಲಿ ಎದುರುವಾದವಿತ್ತು. ಇದಕ್ಕೆ ಹುಟ್ಟಲಿಲ್ಲ. ಹುಟ್ಟಿದ್ದರೂ ಆಡುತ್ತಿರಲಿಲ್ಲ.