ರಾಮನ ದನಿ

ಗಂಗರತ್ನಮ್ಮ ನೆಲ್ಲೂರಿನ ಕಡಲ ದಡದಿಂದ ಕೋಲಾರದ ಚಿನ್ನದ ಗಣಿಗೆ ಬಂದದ್ದು ಐವತ್ತೆರಡನೇ ಇಸವಿಯಲ್ಲಿ, ಗಂಡ ಕೋದಂಡಪ್ಪನ ಜೊತೆ. ತಲೆಯ ಮೇಲೆ ಬಿದಿರಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ವಂಶದ ತೊಗಲುಬೊಂಬೆಗಳು. ಹೊಟ್ಟೆಪಾಡಿಗೆ ಅವನು ಗಣಿಗಿಳಿದ. ವರ್ಷಕ್ಕೊಮ್ಮೆ ರಾಮನವಮಿಗೆ ಇಬ್ಬರೂ ಗಣಿಯಾಳುಗಳ ಸಾಲುಮನೆಗಳ ಕೋರಮಂಡಲ್ ಲೈನಿನಲ್ಲಿ ಬೊಂಬೆ ಆಡಿಸುತ್ತಿದ್ದರು. ಸೀತೆಯ ದನಿ ಅವಳದು, ರಾಮನದು ಅವನದು. ಹೆಂಗಸು ರಾಮನ ಮಾತಾಡುವ ಪದ್ಧತಿ ಅವರ ಕುಲದಲ್ಲಿಲ್ಲ. ಆ ದನಿಯೊಂದೇ ಕೋದಂಡಪ್ಪನ ಆಸ್ತಿ. ಲೈನಿನವರು ಅವನನ್ನು ರಾಮಣ್ಣ ಎಂದೇ ಕರೆಯುತ್ತಿದ್ದರು.

ಅರವತ್ತೊಂದರಲ್ಲಿ ಅವನಿಗೆ ಕೆಮ್ಮು ಹತ್ತಿತು. ಆ ನವಮಿಯಂದು ಪರದೆಯ ಹಿಂದೆ ಬಾಯಿ ತೆರೆದರೆ ದನಿಯೇ ಇಲ್ಲ. ಮುಂದೆ ಕೂತ ಜನ ಗುಜುಗುಜು ಶುರುಮಾಡಿದರು. ಗಂಗರತ್ನಮ್ಮ ಗಂಟಲು ದಪ್ಪ ಮಾಡಿ ರಾಮನ ಪದ್ಯ ಎತ್ತಿದಳು. ಮದುವೆಯಾದಾಗಿನಿಂದ ಇಪ್ಪತ್ತು ವರ್ಷ ಪಕ್ಕದಲ್ಲೇ ಕೇಳಿದ ದನಿ, ತಪ್ಪುವುದೆಲ್ಲಿ ಬಂತು. ಅವನು ಬೊಂಬೆ ಆಡಿಸುತ್ತಲೇ ಅತ್ತ.

ಬೆಳಿಗ್ಗೆ ಪಕ್ಕದ ಮನೆಯ ಪೆರುಮಾಳ್ ಬಂದ. "ಕೆಮ್ಮು ವಾಸಿ ಆದಂಗೈತೆ ರಾಮಣ್ಣ. ನಿನ್ನ ದನಿ ಯಾವತ್ತೂ ಇಷ್ಟ್ ಚೆನ್ನಾಗಿರ್ಲಿಲ್ಲ ಬಿಡು."

ಕೋದಂಡಪ್ಪನಿಗೆ ಆ ಮಾತು ಬಿಸಿ ತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಗಂಗರತ್ನಮ್ಮನೇ ಒಳಗಿನಿಂದ, "ಊಂ ಕಣಣ್ಣ, ಕಷಾಯ ಕೊಟ್ಟಿದ್ದೆ," ಎಂದಳು.

ಪೆರುಮಾಳ್ ಹೋದ ಮೇಲೆ ಗಂಡ ಪಿಸುಗುಟ್ಟಿದ: "ಯಾರ್ಗೂ ಏಳ್ಬ್ಯಾಡ ಕಣೆ." ಅವಳು ಮಾತು ಕೊಟ್ಟಳು. ಆಷಾಢದಲ್ಲಿ ಅವನು ತೀರಿಕೊಂಡ.

ಮರುವರ್ಷ ನವಮಿ ಹತ್ತಿರವಾಗುತ್ತಲೇ ಪೆರುಮಾಳ್ ಮತ್ತೆ ಬಂದ. "ರಾಮನ್ನೂ ನೀನೇ ಆಡ್ಸಮ್ಮ. ಪದ್ಧತಿಗಿದ್ಧತಿ ನಾವ್ ನೋಡಲ್ಲ. ದನಿ ಎಂಗಿದ್ರೂ ನಡೀತದೆ."

ಆಡಿಸಬೇಕೆಂದು ಅವಳ ಜೀವ ಹಂಬಲಿಸಿತು. ಆದರೆ ಬಾಯಿ ತೆರೆದರೆ ಸಾಕು, ಹೋದ ವರ್ಷ ಕೇಳಿದ್ದು ಯಾರ ದನಿ ಎಂಬುದು ಲೈನಿಗೆಲ್ಲ ತಿಳಿದುಹೋಗುತ್ತದೆ. ಸತ್ತವನಿಗೆ ಉಳಿದಿದ್ದದ್ದು ಆ ಹೆಸರೊಂದೇ.

"ರಾಮನ ದನಿ ಅವರ ಜೊತೇಲೇ ಓಯ್ತಣ್ಣ," ಎಂದಳು.

ಆ ವಾರವೇ ಪೆಟ್ಟಿಗೆ ಹೊತ್ತು ಬಂಗಾರಪೇಟೆಯಲ್ಲಿ ರೈಲು ಹತ್ತಿದಳು. ತವರಿನ ಕಡಲಿಗೆ ಹೋಗಿ ನೀರಿನ ಅಂಚಿನಲ್ಲಿ ಕೂತಳು. ಹರಿದ ಬೊಂಬೆಯನ್ನು ಮಾತ್ರ ನೀರಿಗೆ ಬಿಡಬೇಕು, ಗಟ್ಟಿಯಿರುವುದನ್ನು ಬಿಟ್ಟರೆ ಜೀವಂತ ಹೂತ ಪಾಪ ಎಂದು ಹಿರಿಯರ ಮಾತು. ರಾಮನ ಬೊಂಬೆ ಎಲ್ಲೂ ಹರಿದಿರಲಿಲ್ಲ. ಗಂಗರತ್ನಮ್ಮ ಎಲೆಅಡಿಕೆ ಚೀಲದಿಂದ ಅಡಕತ್ತರಿ ತೆಗೆದು, ಬೊಂಬೆಯ ಗಂಟಲನ್ನು ತಾನೇ ಸೀಳಿದಳು.