ತಪ್ಪೆಲ್ಲ ಗೋಡೆಯದು

ರೋಗ ಬೇಗ ಬರಲಪ್ಪಾ ಎಂದು ಹಾರೈಸುತ್ತ ಕೂತ ವೈದ್ಯರನ್ನು ಎಲ್ಲಾದರೂ ಕಂಡಿದ್ದೀರಾ? ಇಲ್ಲೊಬ್ಬರಿದ್ದಾರೆ ನೋಡಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರ ನಡುಕೋಣೆಯಲ್ಲಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡು, ಪಕ್ಕದಲ್ಲಿ ಸಲಕರಣೆಯ ಚೀಲ ಇಟ್ಟುಕೊಂಡು, ಸಿಗ್ನಲ್ ಅಕ್ಕ ರೇಡಿಯೊವನ್ನೇ ದುರುಗುಟ್ಟಿ ನೋಡುತ್ತಿದ್ದಾರೆ. ರೇಡಿಯೊ ಸೊಗಸಾಗಿ ಹಾಡುತ್ತಿದೆ. ಅವರ ಸಂಕಟವೇ ಅದು.

“ಹಾಡು, ಹಾಡು. ಎಷ್ಟೊತ್ತು ಹಾಡ್ತೀಯೋ ನಾನೂ ನೋಡ್ತೀನಿ,” ಎಂದು ಅದಕ್ಕೇ ಸವಾಲು ಹಾಕುತ್ತಾರೆ.

ಈ ಮನೆಗೆ ಅವರು ಬಂದಿರುವುದು ಇದು ಮೂರನೇ ಸಲ. ಹಿಂದಿನ ಎರಡು ಸಲವೂ ಮಧ್ಯಾಹ್ನ ಬಂದಿದ್ದರು. ನೆಂಟರು ಬಂದಾಗ ಮಕ್ಕಳು ಸಾಧುಗಳಾಗುವ ಹಾಗೆ, ಅಕ್ಕನನ್ನು ಕಂಡೊಡನೆ ರೇಡಿಯೊ ಸರಿಯಾಗಿಬಿಡುತ್ತಿತ್ತು. ಒಮ್ಮೆ ಒಳಗಿನ ಬೆಸುಗೆಯನ್ನೆಲ್ಲ ನೋಡಿದರು, ಇನ್ನೊಮ್ಮೆ ಕಿಟಕಿಯವರೆಗೆ ಉದ್ದದ ತಂತಿ ಎಳೆದು ಕಟ್ಟಿದರು. ಏನೂ ಪ್ರಯೋಜನವಾಗಲಿಲ್ಲ. ಬೆಳಗಿನ ಹವಾಮಾನ ವರದಿಯ ಹೊತ್ತಿಗೆ ಸರಿಯಾಗಿ ರೇಡಿಯೊ ಬಾಯಿ ಮುಕ್ಕಳಿಸಿದಂತೆ ಗುಳುಗುಳು ಅನ್ನುವುದು, ಆಮೇಲೆ ಸತ್ತಂತೆ ಸುಮ್ಮನಾಗುವುದು. “ಕಾಯಿಲೆ ಬರೋ ಹೊತ್ತಿಗೇ ನಾನೂ ಬರ್ತೀನಿ” ಎಂದು ಹೇಳಿ ಹೋಗಿದ್ದ ಅಕ್ಕ ಇವತ್ತು ಕತ್ತಲಲ್ಲೇ ಮೆಟ್ಟಿಲು ಹತ್ತಿದ್ದಾರೆ.

ಇವತ್ತೇ ಯಾಕೆಂದರೆ, ರೇಡಿಯೊ ಪಕ್ಕದ ಕುರ್ಚಿಯಲ್ಲಿ ಕೂತಿರುವ ಈ ಮನೆಯ ತಾಯಿಗೆ ಇವತ್ತಿನ ವರದಿ ಬೇಕೇ ಬೇಕು. ಅದನ್ನು ಓದುವವಳು ಅವರ ಮಗಳು. ದೂರದ ನಗರದ ಬಾನುಲಿ ಕೇಂದ್ರದಲ್ಲಿ ಅವಳ ಕೆಲಸ. ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ, ದನಿ ಮೊದಲಿನಂತೆ ಬರುತ್ತದೋ ಇಲ್ಲವೋ ಹೇಳಲಾಗದು ಎಂದು ವೈದ್ಯರೇ ಕೈಚೆಲ್ಲಿದ್ದರು. ತಿಂಗಳುಗಟ್ಟಲೆ ಅಲ್ಲೇ ತನ್ನ ಮನೆಯಲ್ಲಿ ರಜೆಯಲ್ಲಿದ್ದವಳು ಇವತ್ತು ಮತ್ತೆ ಮೈಕಿನ ಮುಂದೆ ಕೂರುತ್ತಿದ್ದಾಳೆ.

“ಫೋನಲ್ಲಿ ಬರೀ ಪಿಸುಗುಡ್ತಾಳೆ ಕಣಮ್ಮ, ಗಂಟಲು ಉಳಿಸ್ಕೋಬೇಕು ಅಂತ. ಅವಳು ಬಾಯ್ತುಂಬ ಮಾತಾಡಿದ್ದು ಕೇಳಿ ಯಾವ ಕಾಲ ಆಯ್ತೋ,” ಎನ್ನುತ್ತಾರೆ ತಾಯಿ. ಅವರಿಗೆ ಕಣ್ಣು ಕಾಣುವುದಿಲ್ಲ. ಬೆಳಕಿದೆಯೋ ಕತ್ತಲಿದೆಯೋ ಅಷ್ಟು ಮಾತ್ರ ತಿಳಿಯುತ್ತದೆ. ಮೊಬೈಲಿನಲ್ಲೇ ರೇಡಿಯೊ ಕೇಳಬಹುದಲ್ಲ ಎಂದರೆ ಬೇಡವೆಂದು ತಲೆಯಾಡಿಸುತ್ತಾರೆ. “ಅದು ನುಣ್ಣಗಿರೋ ಗಾಜು. ಯಾವುದು ಎಲ್ಲಿದೆ ಅಂತ ಬೆರಳಿಗೆ ಹೇಗೆ ಗೊತ್ತಾಗ್ಬೇಕು? ಇದರ ಗುಂಡಿ ನನ್ನ ಬೆರಳಿಗೆ ಗೊತ್ತು.”

ಸಿಗ್ನಲ್ ಅಕ್ಕನ ನಿಜವಾದ ಹೆಸರು ಈ ಬೀದಿಯಲ್ಲಿ ಯಾರಿಗೂ ನೆನಪಿಲ್ಲ. ಟಿವಿಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದರೆ, ನಿನ್ನೆ ಇದ್ದ ಚಾನೆಲ್ ಇವತ್ತು ಮಾಯವಾದರೆ, ರೇಡಿಯೊ ಮುನಿಸಿಕೊಂಡರೆ ಅವರಿಗೆ ಫೋನ್ ಹೋಗುತ್ತದೆ. ಕೆಲಸ ಕಲಿಸಿದವರು ಸೋದರಮಾವ. ಮಾವನ ರಿಪೇರಿ ಅಂಗಡಿಯಲ್ಲಿ ಕಸ ಗುಡಿಸಲು ಹೋದ ಹುಡುಗಿ, ಗುಡಿಸುತ್ತ ಗುಡಿಸುತ್ತ ಬೆಸುಗೆ ಹಾಕುವುದನ್ನೂ ಕಲಿತಳು. ಅಂಗಡಿ ಮುಚ್ಚಿತು, ಮಾವನೂ ಹೋದರು. ಉಳಿದದ್ದು ಈ ಚೀಲ, ಮತ್ತು ಅದರೊಳಗಿನ ಒಂದು ಹಳೆಯ ಪುಟ್ಟ ರೇಡಿಯೊ.

“ಮೊದಲ ಸಲ ತಾರಸಿ ಹತ್ತಿದಾಗ ಕೆಳಗೆ ಜಾತ್ರೆ ಸೇರಿದಂಗೆ ಜನ ಸೇರಿದ್ರು. ಆಂಟೆನಾ ನೋಡೋಕಲ್ಲ, ಹೆಂಗಸು ಬೀಳ್ತಾಳಾ ಅಂತ ನೋಡೋಕೆ,” ಎಂದು ನಗುತ್ತಾರೆ. ಆಮೇಲೊಂದು ದಿನ ಪಾಚಿ ಕಟ್ಟಿದ ತಾರಸಿಯಲ್ಲಿ ಜಾರಿ ಬಿದ್ದದ್ದೂ ಆಯಿತು. ನೋಡಲು ಮಾತ್ರ ಯಾರೂ ಇರಲಿಲ್ಲ. ಭುಜದ ಮೂಳೆ ಕೂಡಿಕೊಂಡಿದೆ, ಚಳಿ ಬಂದರೆ ಇಂದಿಗೂ ನೋಯುತ್ತದೆ. ದಿನಕ್ಕೆ ನಾಲ್ಕೈದು ಮನೆ, ಹಬ್ಬದಂಥ ಪಂದ್ಯವಿದ್ದರೆ ಹತ್ತು ದಾಟುವುದೂ ಉಂಟು. ಲಿಫ್ಟ್ ಇಲ್ಲದ ಕಟ್ಟಡಗಳೇ ಹೆಚ್ಚು. ಅವರ ಸ್ವಂತ ಮನೆಯ ಟಿವಿಯಲ್ಲಿ ಮಾತ್ರ ಎರಡೇ ಚಾನೆಲ್ ಬರುತ್ತವೆ. ದೀಪದ ಬುಡದಲ್ಲಿ ಕತ್ತಲು ಎಂದು ಬೇಕರಿಯಲ್ಲಿ ದುಡಿಯುವ ಗಂಡ ರೇಗಿಸುತ್ತಲೇ ಇರುತ್ತಾರೆ.

ಡಿಜಿಟಲ್ ಬಂದ ಮೇಲೆ ಕೆಲಸ ಸುಲಭವಾಯಿತೇ? “ಎಲ್ಲಿ ಬಂತು ಸುಲಭ! ಹಳೇ ಟಿವಿ ಕೆಮ್ಮಿ ಕೆಮ್ಮಿ ಸಾಯ್ತಿತ್ತು. ಚುಕ್ಕೆ ಬರೋದು, ಗೆರೆ ಬರೋದು, ನಮಗೂ ಒಂದು ಸೂಚನೆ ಸಿಗೋದು. ಇದು ನಿಂತ ಕಾಲಲ್ಲೇ ಸಾಯುತ್ತೆ.” ಪರದೆಯ ಮೇಲೆ ಸಿಗ್ನಲ್ಲಿನ ಎರಡು ಪಟ್ಟಿ ಬರುತ್ತವಲ್ಲ, ಒಂದು ಶಕ್ತಿಯದು, ಇನ್ನೊಂದು ಗುಣದ್ದು. ಜನ ಮೊದಲನೆಯದನ್ನು ನೋಡಿ ಬೀಗುತ್ತಾರೆ, ಅಕ್ಕ ಎರಡನೆಯದನ್ನು ನೋಡುತ್ತಾರೆ. “ಜೋರಾಗಿ ಮಾತಾಡೋರೆಲ್ಲ ಸರಿಯಾಗಿ ಮಾತಾಡ್ತಾರಾ, ಹೇಳಿ?”

ಮಾವ ಕಲಿಸಿದ್ದರಲ್ಲಿ ಬೆಸುಗೆಗಿಂತ ಗಟ್ಟಿಯಾಗಿ ಉಳಿದದ್ದು ಇನ್ನೊಂದು ಪಾಠ. ತಪ್ಪು ಹುಡುಕುವುದು ಮನೆಯೊಳಗೇ ಆದರೂ ಅದನ್ನು ಮನೆಯವರ ತಲೆಗೆ ಕಟ್ಟಬಾರದು. ಆಂಟೆನಾದ ಮೇಲೆ ಒದ್ದೆ ಕಂಬಳಿ ಒಣಗಹಾಕಿದ್ದ ಸೊಸೆಯನ್ನು ಅಕ್ಕ ಗಾಳಿಯ ಹೆಸರು ಹೇಳಿ ಕಾಪಾಡಿದ್ದಾರೆ. ಕೇಬಲ್ಲಿನ ಮೇಲೆ ಬೀರು ನಿಲ್ಲಿಸಿದ್ದ ಭಾವನನ್ನು ಇಲಿಯ ಹೆಸರು ಹೇಳಿ ಉಳಿಸಿದ್ದಾರೆ. ಯಾವುದೂ ಹೊಂದದಿದ್ದರೆ ಗೋಡೆ ಇದ್ದೇ ಇದೆ. “ಟಿವಿ ಸರಿಮಾಡಿ ಸಂಸಾರ ಕೆಡಿಸಿ ಬಂದ್ರೆ ಅದೆಂಥ ರಿಪೇರಿ? ಗೋಡೆಗೇನು, ಎಷ್ಟು ಬೈದ್ರೂ ಬೇಜಾರಿಲ್ಲ.”

ಅಷ್ಟರಲ್ಲಿ ಒಳಗಿನ ಕೋಣೆಯ ಬಾಗಿಲು ಕಿರ್ ಎನ್ನುತ್ತದೆ. ಮನೆಯ ಯಜಮಾನರು, ಲಿಫ್ಟ್ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ಟವೆಲ್ ಹೆಗಲ ಮೇಲೆ ಹಾಕಿಕೊಂಡು ಕೈತೊಳೆಯುವ ಬೇಸಿನ್ನಿನ ಕಡೆ ನಡೆಯುತ್ತಾರೆ. “ರೇಡಿಯೊ ಸ್ಟೇಷನ್ನಿನವರದೇ ಏನೋ ಎಡವಟ್ಟು. ನಾನು ಮೊದಲಿಂದ ಹೇಳ್ತಾನೇ ಇದೀನಿ,” ಎನ್ನುತ್ತ ಕನ್ನಡಿಯ ಮೇಲಿನ ದೀಪ ಹಾಕುತ್ತಾರೆ. ಹಳೆಯದು ಸುಟ್ಟಿತೆಂದು ಹೋದ ತಿಂಗಳು ತಾವೇ ಹಾಕಿದ ಹೊಸ ಎಲ್‌ಇಡಿ ದೀಪ. ಬೆಳ್ಳಗೆ ಫಳ್ ಎಂದು ಹೊತ್ತುತ್ತದೆ. ಅವರು ಗಡ್ಡಕ್ಕೆ ನೊರೆ ಹಚ್ಚತೊಡಗುತ್ತಾರೆ.

ಹಾಡು ಗುಳುಗುಳು ಅಂದು ನಿಂತೇಹೋಗುತ್ತದೆ.

“ಅಯ್ಯೋ, ಹೋಯ್ತು! ವರದಿಗೆ ಇನ್ನೇನು ಹೊತ್ತಾಯ್ತು ಕಣಮ್ಮ!” ತಾಯಿಯ ಎರಡೂ ಕೈ ರೇಡಿಯೊ ಮೇಲಿವೆ.

ಸಿಗ್ನಲ್ ಅಕ್ಕ ಆಗಲೇ ಎದ್ದಾಗಿದೆ. ಚೀಲದಿಂದ ಮಾವನ ಪುಟ್ಟ ರೇಡಿಯೊ ತೆಗೆದು, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಅದನ್ನು ಮುಂದೆ ಹಿಡಿದು ನಡೆಯುತ್ತಾರೆ. ಕೆಟ್ಟ ವಿದ್ಯುತ್ ಸದ್ದು ಎಲ್ಲಿಂದ ಬಂದರೂ ಅದು ಕರಕರ ಎಂದು ದೂರು ಹೇಳುತ್ತದೆ. ಫ್ರಿಜ್ಜಿನ ಹತ್ತಿರ ಸುಮ್ಮನಿದೆ. ಫೋನ್ ಚಾರ್ಜರಿನ ಹತ್ತಿರವೂ ಸುಮ್ಮನಿದೆ. ಬೇಸಿನ್ನಿನ ಹತ್ತಿರ ಬಂದದ್ದೇ ತಡ, ಕಡಲೆ ಹುರಿದಂತೆ ಸಿಡಿಯುತ್ತದೆ.

“ಯಜಮಾನ್ರೇ, ದೀಪ ಒಂಚೂರು ಆರಿಸ್ಲಾ?”

“ಅರ್ಧ ಗಡ್ಡ ಆಗಿದೆಯಲ್ಲಮ್ಮ! ಅವಳು ಮಾತಾಡೋವಾಗ ನಾನು ಗಡ್ಡ ಬಿಟ್ಕೊಂಡು ಕೂತಿರ್ಲಾ?” ಮಗಳ ವರದಿಗೆ ಮುಂಚೆ ಮುಖ ಕ್ಷೌರ ಮಾಡಿಕೊಂಡು ಸಿದ್ಧರಾಗುವುದು ಅವರ ಎಷ್ಟೋ ವರ್ಷದ ಪದ್ಧತಿ. ಅವಳಿಗೆ ಇದು ಕಾಣುವುದಿಲ್ಲ ಎಂದು ಹೆಂಡತಿ ನಕ್ಕರೂ ಬಿಟ್ಟವರಲ್ಲ. ಅವಳು ರಜೆಯಲ್ಲಿದ್ದಾಗಲೂ ಬಿಡಲಿಲ್ಲ.

ಅಕ್ಕ ಇನ್ನು ಕೇಳುವುದಿಲ್ಲ, ಸ್ವಿಚ್ ಒತ್ತುತ್ತಾರೆ. ಕತ್ತಲು. ಅದೇ ಕ್ಷಣ ನಡುಕೋಣೆಯಿಂದ ಹಾಡಿನ ಕೊನೆಯ ಸಾಲು ತಿಳಿಯಾಗಿ ಬರುತ್ತದೆ.

ಯಜಮಾನರು ಮುಖದಲ್ಲಿ ಅರ್ಧ ನೊರೆ ಇಟ್ಟುಕೊಂಡು ಹಾಗೇ ನಿಲ್ಲುತ್ತಾರೆ. “ಅಂದ್ರೆ… ಇಷ್ಟು ದಿನ ನನ್ನ ದೀಪಾನಾ? ನಾನೇನಾ?”

“ಗೋಡೆ, ಯಜಮಾನ್ರೇ. ಈ ಗೋಡೆಗೆ ಸ್ವಲ್ಪ ಮೊಂಡುತನ,” ಎನ್ನುತ್ತಾರೆ ಅಕ್ಕ.

“ಅದು ನಂಗೆ ಗೊತ್ತಿಲ್ವಾ?” ಕುರ್ಚಿಯಿಂದ ತಾಯಿ ನಗುತ್ತಾರೆ. “ಆ ಗೋಡೆ ಜೊತೆ ನಲವತ್ತು ವರ್ಷ ಸಂಸಾರ ಮಾಡಿದೀನಿ. ಬನ್ನಿ ಇಲ್ಲಿ, ಹಾಗೇ ಬನ್ನಿ. ನಂಗೇನು ನಿಮ್ಮ ನೊರೆ ಕಾಣುತ್ತಾ?”

ಅವರು ಬಂದು ಪಕ್ಕದಲ್ಲಿ ಕೂರುತ್ತಾರೆ. ಹವಾಮಾನ ವರದಿ ಶುರುವಾಗುತ್ತದೆ. ದನಿ ಮೊದಲಿಗಿಂತ ಕೊಂಚ ಒರಟು. ಎರಡನೇ ವಾಕ್ಯದಲ್ಲಿ ಒಮ್ಮೆ ತಡೆದು, ಉಸಿರು ತೆಗೆದುಕೊಂಡು, ಮುಂದಕ್ಕೆ ಹೋಗುತ್ತದೆ. ಮಧ್ಯಾಹ್ನದ ನಂತರ ಮೋಡ, ಕರಾವಳಿಯಲ್ಲಿ ಬಿರುಗಾಳಿ. ತಾಯಿಗೆ ಯಾವ ಮೋಡವೂ ಕೇಳಿಸುತ್ತಿಲ್ಲ. “ದಪ್ಪ ಆಗಿದೆ ದನಿ. ಆಗ್ಲಿ. ಅವಳೇ. ನಮ್ಮವಳೇ,” ಎನ್ನುತ್ತ ಗಂಡನ ಕೈ ಹುಡುಕುತ್ತಾರೆ. ಯಜಮಾನರ ಕೆನ್ನೆಯ ನೊರೆಯಲ್ಲಿ ಒಂದು ಗೆರೆ ಕೆಳಗಿಳಿದಿದೆ.

ಅಕ್ಕ ಆ ಕಡೆ ನೋಡುವುದಿಲ್ಲ. ಸ್ಟೂಲ್ ಹತ್ತಿ, ಕತ್ತಲಲ್ಲೇ ತಡವರಿಸಿ, ಹೊಸ ದೀಪ ಬಿಚ್ಚಿ ಚೀಲದಲ್ಲಿದ್ದ ಹಳೆಯ ಕಾಲದ ತಂತಿ ಬಲ್ಬೊಂದನ್ನು ತಿರುಗಿಸಿ ಕೂರಿಸುತ್ತಾರೆ. ವರದಿ ಮುಗಿದ ಮೇಲೆ ಹಾಕಿಕೊಳ್ಳಿ ಎಂದು ಅದನ್ನು ಆರಿಸಿಯೇ ಬಿಡುತ್ತಾರೆ. ಟೀ ಕುಡಿದು ಹೋಗಮ್ಮ ಎಂದರೆ, ಮುಂದಿನ ಮನೆಯವರು ಕಾಯುತ್ತಿದ್ದಾರೆ ಎನ್ನುತ್ತಾರೆ.

ಮೆಟ್ಟಿಲಿಳಿಯುವಾಗ ಭುಜ ನೀವಿಕೊಳ್ಳುತ್ತ ನಿಲ್ಲುತ್ತಾರೆ. ಇಷ್ಟು ಮನೆಗೆ ಬೆಳಕಾದವರಿಗೆ ಒಂದಾದರೂ ಆಸೆ ಇರಬೇಕಲ್ಲ ಎಂದು ಕೇಳಿದರೆ ತುಸು ಯೋಚಿಸುತ್ತಾರೆ.

“ನಾನು ಬಂದು ಹೋದ ಮನೇವ್ರು ನನ್ನ ಮರೆತುಬಿಡ್ಬೇಕು, ಅಷ್ಟೇ. ಸಿಗ್ನಲ್ ಅಕ್ಕ ನೆನಪಾದ್ಲು ಅಂದ್ರೆ ಏನೋ ಕೆಟ್ಟಿದೆ ಅಂತ ಅರ್ಥ.” ಮೇಲಿನ ಮನೆಯಿಂದ ಇನ್ನೂ ಆ ಒರಟು ದನಿ ಕೇಳುತ್ತಿದೆ. ಅಕ್ಕ ತಲೆ ಎತ್ತಿ, ವರದಿ ಪೂರ್ತಿ ಮುಗಿಯುವ ತನಕ ಮೆಟ್ಟಿಲ ಮೇಲೆ ನಿಂತು ಕೇಳುತ್ತಾರೆ. ಆಮೇಲೆ ಚೀಲ ಇನ್ನೊಂದು ಭುಜಕ್ಕೆ ಹಾಕಿಕೊಳ್ಳುತ್ತಾರೆ. “ನೋಡಿ, ದನಿ ಒಂದು ಕಡೆನೂ ಕಡಿದುಹೋಗ್ಲಿಲ್ಲ.”