ಮೆಣಸಿನಕಾಯಿ ಕಣದಲ್ಲೊಬ್ಬ ಲೆಫ್ಟ್ ವಿಂಗ್

ಬ್ಯಾಡಗಿಯ ಹೊರವಲಯದಲ್ಲಿ ಮಂಜು ಆಗಷ್ಟೇ ಕರಗುತ್ತಿದೆ. ಮೆಣಸಿನಕಾಯಿ ಕಣ ಆಕಾಶದ ಅಂಚಿನವರೆಗೂ ಕೆಂಪಗೆ ಮಲಗಿದೆ. ನಿನ್ನೆಯ ಸಂಜೆಯನ್ನು ಯಾರೋ ಮಡಚಿಡದೆ ಹಾಗೇ ಬಿಟ್ಟು ಹೋದಂತಿದೆ. ತಾಡಪತ್ರಿ ಸರಿಸಿದ ಗುಡ್ಡೆಯೊಂದನ್ನು ಫುಟ್‌ಬಾಲ್ ಕೋಚ್ ಹಾಲಸಿದ್ದಪ್ಪ ಬರಿಗಾಲಲ್ಲಿ ಹರಡುತ್ತಿದ್ದಾರೆ. ಅವರೊಮ್ಮೆ ಸೀನಿದರೆ ಹಾವೇರಿಯ ಕೋಳಿಗಳೂ ಎದ್ದು ಕೂಗುತ್ತವೆ.

"ಅಣ್ಣಾ, ಕಾಲ ಎತ್ತಿ ಇಡಬ್ಯಾಡ್ರಿ! ಅದೇನ ಚಂಡೇನ್ರಿ?" ಕಣದ ಕೆಲಸದ ದೇವವ್ವ ಗದರುತ್ತಾರೆ. "ನೀವ ತುಳಿದ ಕಾಯಿ ಯಾವ ವ್ಯಾಪಾರಿ ಮುಟ್ಟತಾನ?"

ದೇವವ್ವನವರ ಮಗಳು ನಾಗರತ್ನಾ ಇವತ್ತು ಹಾವೇರಿಯಲ್ಲಿ ಕ್ರೀಡಾ ಹಾಸ್ಟೆಲ್‌ನ ಆಯ್ಕೆಗೆ ಆಡುತ್ತಿದ್ದಾಳೆ. ಸೀಜನ್ನಿನಲ್ಲಿ ಅವಳನ್ನು ಬಿಟ್ಟುಕೊಡುವುದೆಂದರೆ ತಾಯಿಗೆ ಅರ್ಧ ಸಂಸಾರವನ್ನೇ ಬಿಟ್ಟುಕೊಟ್ಟಂತೆ. "ಕಳಸ್ತೇನ್ರಿ. ಆಕಿ ಜಾಗಾದಾಗ ಯಾರ ನಿಂದ್ರತಾರ?" ಎಂದು ಕೇಳಿದ್ದರು. ಕೋಚ್ ತಾವೇ ಬಂದು ನಿಂತರು.

ಕರ್ಜಗಿಯ ಈ ಹಾಲಸಿದ್ದಪ್ಪ ಒಂದು ಕಾಲಕ್ಕೆ ಕುಮಾರಪಟ್ಟಣದ ತಂಡದ ಲೆಫ್ಟ್ ವಿಂಗ್. ಅವರು ಒದ್ದ ಚೆಂಡು ತುಂಗಭದ್ರೆ ದಾಟಿ ಹರಿಹರದಲ್ಲಿ ಬಿತ್ತೆಂದು ಹಳಬರು ಆಣೆ ಮಾಡಿ ಹೇಳುತ್ತಾರೆ. ತರಲು ಹೋದ ಗೋಲ್‌ಕೀಪರ್ ಅಲ್ಲೇ ಮದುವೆಯಾಗಿ ನೆಲೆಸಿದನಂತೆ. ಮೊಣಕಾಲು ತಿರುಚಿಕೊಂಡ ದಿನ ಆಟ ಮುಗಿಯಿತು. ಈಗಲೂ ನಿದ್ದೆಯಲ್ಲಿ ಚೆಂಡು ತೇಲಿ ಬಂದು ಎಡಗಾಲಿಗೆ ತಾಗುತ್ತದೆ, ಅಷ್ಟಕ್ಕೇ ಎಚ್ಚರವಾಗುತ್ತದೆ.

ಉಳಿದ ದಿನಗಳಲ್ಲಿ ಬೆಳಿಗ್ಗೆ ರಾಣೆಬೆನ್ನೂರಿನಲ್ಲಿ ಮೂವತ್ತು ಮಕ್ಕಳಿಗೆ ತರಬೇತಿ. ಮಧ್ಯಾಹ್ನ ಬೈಕ್ ಹತ್ತಿ ಹೊಸ ಆಟಗಾರರ ಹುಡುಕಾಟ. ಅದೂ ಮೈದಾನಗಳಲ್ಲಲ್ಲ, ಕಣಗಳಲ್ಲಿ. ಯಾಕೆಂದು ಕೇಳಿದವರಿಗೆ ಕೋಚ್ ಹೇಳುವುದಿಷ್ಟು:

"ಮೈದಾನದಾಗ ಎಲ್ಲಾರೂ ಜೋರ್ಲೆ ಒದೀತಾರ್ರಿ. ಒಣಗಿದ ಕಾಯಿ ಜೋರ ತಡಿಯಂಗಿಲ್ಲ. ಕಾಲ್ಲೆ ಹೊಳ್ಳಿಸಿದ್ರೂ ಒಂದೂ ಮುರೀಬಾರ್ದು. ಅಂಥಾ ಕಾಲ ಇದ್ರ ಚಂಡ ಏನ ಮಹಾ?"

ಹೋದ ವರ್ಷ ಇದೇ ಕಣದಲ್ಲಿ ಕಾಯಿ ಹೊರಳಿಸುತ್ತಿದ್ದ ನಾಗರತ್ನಾಳ ಪಾದಗಳನ್ನು ನೋಡುತ್ತ ಬ್ರೇಕ್ ಹಾಕುವುದನ್ನೇ ಮರೆತು ಸೀದಾ ಗುಡ್ಡೆಗೆ ನುಗ್ಗಿದ್ದರು. ಆಮೇಲೆ ವಾರವಿಡೀ ಬೈಕೂ ಕೆಮ್ಮಿತು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಹಾವೇರಿಯಿಂದ ಫೋನು ಬರುತ್ತದೆ. "ಸರ, ಆರಿಸ್ಯಾರ್ರಿ!" ನಾಗರತ್ನಾಳ ಕೂಗು ಕಣಕ್ಕೆಲ್ಲ ಕೇಳಿಸುತ್ತದೆ. ಹಾಲಸಿದ್ದಪ್ಪ ಖಾರದ ಕೈಯಲ್ಲೇ ಕಣ್ಣೊರೆಸಿಕೊಂಡುಬಿಡುತ್ತಾರೆ. ಜಿಲ್ಲೆಗೆ ಹೊಸದೊಂದು ನದಿಯೇ ಹುಟ್ಟುತ್ತದೆ.

ದೇವವ್ವ ಸೆರಗು ನೆನೆಸಿ ಅವರ ಕೈಗಿಡುತ್ತಾರೆ. "ಹಂಗಾರ ಮುಂದಿನ ವಾರದಿಂದ ಆಕಿ ಇಲ್ಲಿ ಬರಂಗಿಲ್ಲ?"

"ಇಲ್ರಿ ಯಕ್ಕಾ. ತರಬೇತಿ ಮುಗಿಸಿ ನಾನ ಬರ್ತೇನ್ರಿ, ಸೀಜನ್ ಮುಗಿಯೂತನಕ."

ದೇವವ್ವ ಅವರ ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ನೆರಿಗೆ ತುಸು ಎತ್ತಿ, ಪಾದವನ್ನು ಕಾಯಿಗಳ ಅಡಿಗೆ ಜಾರಿಸುತ್ತಾರೆ. ಕೆಂಪು ಅಲೆಯೊಂದು ಸದ್ದಿಲ್ಲದೆ ಹೊರಳುತ್ತದೆ.

"ನೋಡ್ರಿ, ಹಿಂಗ. ಆಕಿಗೂ ನಾನ ಕಲಿಸೇನಿ."